ವನಜೀವಿಕೆಯೂ ಶ್ರಾವಕನ ಪರಿಮಾಣ ವ್ರತವೂ

ಭರತ ಚಕ್ರವರ್ತಿಯು ದಿಗ್ವಿಜಯವನ್ನು ಮುಗಿಸಿ ಅಯೋಧ್ಯೆಗೆ ಮರಳಿದ ಮೇಲೆ, ಗಳಿಸಿದ ಸಂಪತ್ತನ್ನು ಯಾರಿಗೆ ಕೊಟ್ಟರೆ ಅದು ಸಾರ್ಥಕವಾದೀತೆಂದು ಚಿಂತಿಸಿದನು. ಮುನಿಗಳು ನಿಃಸ್ಪೃಹರು, ಅವರು ಧನವನ್ನು ಮುಟ್ಟರು. ಆದ್ದರಿಂದ ಗೃಹಸ್ಥರಲ್ಲಿಯೇ ಅಣುವ್ರತಗಳನ್ನು ನಿಷ್ಠೆಯಿಂದ ಪಾಲಿಸುವ ಸತ್ಪಾತ್ರರನ್ನು ಗುರುತಿಸಬೇಕಾಯಿತು. ಅದಕ್ಕಾಗಿ ಅವನು ಪ್ರಜೆಗಳೆಲ್ಲರನ್ನೂ ಅರಮನೆಗೆ ಆಹ್ವಾನಿಸಿ, ಅಂಗಳದಲ್ಲೆಲ್ಲ ಹಸಿರು ಮೊಳಕೆಗಳನ್ನೂ ಹೂಗಳನ್ನೂ ಹಣ್ಣುಗಳನ್ನೂ ಹರಡಿಸಿದನು. ಬಂದವರಲ್ಲಿ ಅನೇಕರು ಚಕ್ರವರ್ತಿಯ ದರ್ಶನದ ಆತುರದಲ್ಲಿ ಆ ಹಸಿರನ್ನು ತುಳಿದುಕೊಂಡೇ ಒಳಗೆ ನಡೆದರು. ಕೆಲವರು ಮಾತ್ರ ಬಾಗಿಲಲ್ಲಿಯೇ ನಿಂತರು. ಕಾರಣವನ್ನು ಕೇಳಲಾಗಿ, ಪರ್ವದಿನದಲ್ಲಿ ಮೊಳಕೆಯನ್ನೂ ಚಿಗುರನ್ನೂ ನೋಯಿಸುವುದು ಉಚಿತವಲ್ಲವೆಂದೂ ಹಸಿಯಾದ ಅಂಕುರದಲ್ಲಿ ಅನಂತ ನಿಗೋದ ಜೀವಗಳಿರುವುವೆಂದು ಸರ್ವಜ್ಞವಾಣಿಯಿಂದ ಕೇಳಿದ್ದೇವೆಂದೂ ಅವರು ಬಿನ್ನವಿಸಿದರು. ಚಕ್ರವರ್ತಿಯು ಅವರನ್ನು ಬೇರೊಂದು ಶುದ್ಧ ಮಾರ್ಗದಿಂದ ಒಳಗೆ ಕರೆಸಿ ಸನ್ಮಾನಿಸಿದನು. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಈ ಪ್ರಸಂಗವನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ.

ಈ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಬಾಗಿಲಲ್ಲಿ ನಿಂತವರು ಮೊಳಕೆಗಳನ್ನು ಕಿತ್ತವರಲ್ಲ, ಹರಡಿದವರೂ ಅಲ್ಲ. ಹರಡಿಸಿದವನು ಸಾಕ್ಷಾತ್ ಚಕ್ರವರ್ತಿ. ಹೇಗಿದ್ದರೂ ಕಿತ್ತಾಗಿದೆ, ಇನ್ನು ತುಳಿದರೆ ದೋಷವೇನು ಎಂದು ಅವರು ತರ್ಕಿಸಬಹುದಿತ್ತು. ಹಾಗೆ ತರ್ಕಿಸದೆ ಇದ್ದುದರಿಂದಲೇ ಅವರು ವ್ರತಿಗಳೆನಿಸಿಕೊಂಡರು. ಕಡಿದು ತಂದು ಮಾರಾಟಕ್ಕಿಟ್ಟ ಮರದ ಮುಂದೆ ನಿಂತ ಇಂದಿನ ಶ್ರಾವಕನಿಗೂ ಅದೇ ತರ್ಕವು ಸುಲಭವಾಗಿ ಒದಗಿಬರುತ್ತದೆ.

ನಂಜನಗೂಡಿನಲ್ಲಿಯೋ ತಿರುಮಕೂಡಲು ನರಸೀಪುರದಲ್ಲಿಯೋ ಒಂದು ಶ್ರಾವಕ ಕುಟುಂಬವಿದೆ ಎಂದಿಟ್ಟುಕೊಳ್ಳೋಣ. ಅಷ್ಟಮೀ ಚತುರ್ದಶಿಗಳಲ್ಲಿ ಮನೆಯ ಹಿರಿಯರು ಪ್ರೋಷಧೋಪವಾಸ ಮಾಡುತ್ತಾರೆ. ಗೃಹಿಣಿಯು ನೀರನ್ನು ಸೋಸದೆ ಬಳಸುವುದಿಲ್ಲ. ಆಲೂಗಡ್ಡೆ, ಈರುಳ್ಳಿ, ಗೆಣಸು ಮೊದಲಾದ ಕಂದಮೂಲಗಳು ಆ ಮನೆಯ ಹೊಸ್ತಿಲನ್ನು ದಾಟಿ ಒಳಬರುವುದಿಲ್ಲ. ಆದರೆ ಆ ಹೊಸ್ತಿಲು ಯಾವ ಮರದ್ದು, ಆ ಮರವು ಯಾವ ಕಾಡಿನಲ್ಲಿ ಎಷ್ಟು ವರ್ಷ ನಿಂತಿತ್ತು, ಯಾರ ಅನುಮತಿಯಿಂದ ಬಿದ್ದಿತು ಎಂದು ಅದೇ ಮನೆಯಲ್ಲಿ ಕೇಳಿದರೆ ಉತ್ತರ ದೊರೆಯುವುದಿಲ್ಲ. ಬೀಟೆಯ ಮಂಚ, ತೇಗದ ಚೌಕಟ್ಟು, ಹಲಗೆ ಹೊದಿಸಿದ ಗೋಡೆ, ಎಲ್ಲವೂ ಅಂಗಡಿಯಿಂದ ಬಂದವು; ಅಂಗಡಿಗೆ ಎಲ್ಲಿಂದ ಬಂದವೋ ತಿಳಿಯದು. ಒಂದು ಗೆಡ್ಡೆಯಲ್ಲಿರುವ ಜೀವಗಳನ್ನು ಎಣಿಸಿ ತ್ಯಜಿಸಿದವರು ಒಂದು ಕಾಡನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದು ವಿಚಾರಣೀಯವಾದ ಸಂಗತಿ. ವ್ರತದ ಅಳತೆಗೋಲು ತಟ್ಟೆಯ ಅಂಚಿನಲ್ಲಿಯೇ ನಿಲ್ಲಬೇಕೆಂದು ಯಾವ ಆಚಾರ್ಯರೂ ಹೇಳಿಲ್ಲ. ಭೋಗಕ್ಕೆ ಮಾತ್ರವಲ್ಲ, ಮತ್ತೆ ಮತ್ತೆ ಬಳಸುವ ವಸ್ತ್ರ, ಶಯ್ಯೆ, ಆಸನ, ಗೃಹ ಮೊದಲಾದ ಉಪಭೋಗಕ್ಕೂ ಪರಿಮಾಣವನ್ನು ಮಾಡಬೇಕೆಂಬುದೇ ಭೋಗೋಪಭೋಗ ಪರಿಮಾಣ ವ್ರತದ ಅರ್ಥ.

ಈ ಎರಡು ಊರುಗಳಿಗೂ ದೂರದ ಮಳೆಕಾಡುಗಳಿಗೂ ಏನು ಸಂಬಂಧವೆಂದು ಕೇಳುವವರಿರಬಹುದು. ನಂಜನಗೂಡು ತಾಲ್ಲೂಕಿನ ಹೆಡಿಯಾಲ ಭಾಗದಲ್ಲಿರುವುದು ಬಂಡೀಪುರಕ್ಕೆ ಸೇರಿದ ಎಲೆಯುದುರುವ ಒಣಕಾಡು. ತೇಗ, ಹೊನ್ನೆ, ಮತ್ತಿಗಳ ನೆಲೆ. ನರಸೀಪುರದ ಕಡೆ ಬಯಲು, ಕಾಲುವೆ, ಗದ್ದೆ. ನಿತ್ಯಹರಿದ್ವರ್ಣದ ಕಾಡು ಇಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಸೋಸಿದ ನೀರಿನ ಪಾತ್ರೆಯಲ್ಲಿ ಅದು ದಿನವೂ ಬಂದು ನಿಲ್ಲುತ್ತದೆ. ಕಪಿಲೆಯು ಹುಟ್ಟುವುದು ವಯನಾಡಿನ ಮಲೆಗಳಲ್ಲಿ. ಪನಮರಂ ಹಾಗೂ ಮಾನಂದವಾಡಿಯ ಹೊಳೆಗಳು ಕೂಡಿ ಕಬಿನಿಯಾಗಿ, 1974ರಲ್ಲಿ ಪೂರ್ಣಗೊಂಡ ಜಲಾಶಯವನ್ನು ತುಂಬಿ, ಸರಗೂರಿನ ಸೀಮೆಯನ್ನು ಹಾದು, ನಂಜನಗೂಡನ್ನು ಬಳಸಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತವೆ. ಆ ಕಾವೇರಿಯೂ ಕೊಡಗಿನ ಹಸಿರು ಮಲೆಯಿಂದಲೇ ಬಂದವಳು. ಮಳೆಗಾಲದ ನಾಲ್ಕು ತಿಂಗಳಲ್ಲಿ ಸುರಿದುದನ್ನು ಬೇಸಿಗೆಯವರೆಗೂ ಹನಿಹನಿಯಾಗಿ ಬಿಟ್ಟುಕೊಡುವ ಶಕ್ತಿಯು ಆ ಕಾಡಿನ ತರಗೆಲೆಯ ಹಾಸಿನಲ್ಲಿಯೂ ಬೇರಿನ ಹೆಣಿಗೆಯಲ್ಲಿಯೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ಚಹಾ ತೋಟಗಳಿಗಾಗಿಯೂ, ಅನಂತರ ಮರಕ್ಕಾಗಿಯೂ ಹೊಸ ವಸತಿಗಳಿಗಾಗಿಯೂ ಆ ಮಲೆಗಳನ್ನು ಬಹುವಾಗಿ ಬೋಳು ಮಾಡಲಾಯಿತು.

ಆ ಮಲೆಯ ನೆತ್ತಿಯಲ್ಲಿ ಸಾಧರ್ಮಿಕರೇ ನೆಲೆಸಿದ್ದಾರೆಂಬುದು ಈ ಪ್ರಾಂತದ ಅನೇಕ ಶ್ರಾವಕರಿಗೆ ತಿಳಿದಿರಲಾರದು. ಕನ್ನಡ ನಾಡಿನಿಂದ ಬಹುಕಾಲದ ಹಿಂದೆ ಹೋಗಿ ನೆಲೆಸಿದ ದಿಗಂಬರ ಜೈನ ಮನೆತನಗಳು ವಯನಾಡಿನಲ್ಲಿವೆ. ಸುಲ್ತಾನ್ ಬತ್ತೇರಿಯ ಶಿಲಾ ಬಸದಿಯೂ ಕಲ್ಪೆಟ್ಟದ ಬಳಿಯ ಪುಳಿಯಾರ್‌ಮಲೆಯ ಅನಂತನಾಥಸ್ವಾಮಿ ಬಸದಿಯೂ ಅದಕ್ಕೆ ಸಾಕ್ಷಿ. ಅವರಲ್ಲಿ ಅನೇಕರು ಕಾಫಿ ತೋಟಗಳ ಒಡೆಯರು. ಅವರ ತೋಟದ ನೆರಳು ಮರಗಳನ್ನು ಉಳಿಸಿಕೊಳ್ಳುವುದೋ ಮಾರುವುದೋ ಎಂಬುದು ಅವರಿಗೆ ಪ್ರತಿ ವರ್ಷದ ಪ್ರಶ್ನೆ. ಮೇಲೆ ನಿಂತವನು ಮರದ ಒಡೆಯ, ಕೆಳಗೆ ನಿಂತವನು ಮರದ ಗಿರಾಕಿ. ನಡುವೆ ಒಂದು ನದಿ. 2018ರ ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಪಿಲೆಯು ಉಕ್ಕಿ ಮೈಸೂರು-ನಂಜನಗೂಡು ರಸ್ತೆಯೇ ಮುಳುಗಿಹೋದುದನ್ನು ಕಂಡವರು ಈ ಸಂಬಂಧವನ್ನು ಮರೆಯಲಾರರು. ಆ ಪ್ರವಾಹಗಳಿಗೆ ಮರ ಕಡಿತವೊಂದೇ ಕಾರಣವೆಂದು ಹೇಳುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ. ಅತಿವೃಷ್ಟಿಯಿತ್ತು, ತುಂಬಿದ ಜಲಾಶಯದಿಂದ ನೀರನ್ನು ಬಿಡಬೇಕಾಗಿತ್ತು. ಆದರೆ ಬೋಳಾದ ಇಳಿಜಾರು ಮಳೆಯನ್ನು ಹಿಡಿದಿಡುವುದಿಲ್ಲವೆಂಬುದಕ್ಕೆ ಶಾಸ್ತ್ರಪ್ರಮಾಣ ಬೇಕಾಗಿಲ್ಲ. ಬಯಲಿನ ರೈತನೂ ಅದನ್ನು ಬಲ್ಲನು.

ಇನ್ನು ಮರವೆಂದರೇನು ಎಂಬುದನ್ನು ಜಿನಾಗಮದ ದೃಷ್ಟಿಯಿಂದ ನೋಡಬೇಕು. ತತ್ತ್ವಾರ್ಥಸೂತ್ರವು ಪೃಥ್ವಿ, ಅಪ್, ತೇಜ, ವಾಯು, ವನಸ್ಪತಿ ಎಂದು ಐದು ಸ್ಥಾವರ ಜೀವಗಳನ್ನು ಹೇಳಿದೆ. ಗೃಹಸ್ಥನು ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು ಬಿಡುತ್ತಾನೆ. ಸ್ಥಾವರ ಹಿಂಸೆಯು ಅವನಿಗೆ ಪೂರ್ಣವಾಗಿ ತಪ್ಪಿದ್ದಲ್ಲ. ಈ ವಿನಾಯತಿಯನ್ನು ಹಿಡಿದುಕೊಂಡು, ಮರವು ಏಕೇಂದ್ರಿಯ, ಅದನ್ನು ಕಡಿಯುವುದು ಉದ್ಯೋಗೀ ಹಿಂಸೆ, ಅದು ಶ್ರಾವಕನಿಗೆ ಕ್ಷಮ್ಯ ಎಂದು ಹೇಳುವವರಿದ್ದಾರೆ. ಹೊಲದ ಬದುವಿನಲ್ಲಿ ತಾನೇ ನೆಟ್ಟು ಬೆಳೆಸಿದ ಸಿಲ್ವರ್ ಓಕ್ ಮರದ ವಿಷಯದಲ್ಲಿ ಈ ಮಾತಿಗೆ ಕೊಂಚ ಬಲವಿದೆ. ಮಳೆಕಾಡಿನ ಮರದ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಅಲ್ಲಿ ಮರವೊಂದು ಒಂದೇ ಜೀವವಲ್ಲ. ಪ್ರತ್ಯೇಕ ವನಸ್ಪತಿಯಲ್ಲಿ ಸಪ್ರತಿಷ್ಠಿತವೆಂಬ ಭೇದವನ್ನು ಆಚಾರ್ಯರು ಮಾಡಿರುವುದೇ ಒಂದು ಶರೀರವನ್ನು ಆಶ್ರಯಿಸಿ ಅನಂತ ಸಾಧಾರಣ ಜೀವಗಳಿರುತ್ತವೆಂದು ತಿಳಿಸುವುದಕ್ಕಾಗಿ. ಅದರ ತೊಗಟೆಯ ಮೇಲೆ ಪಾಚಿ, ಸೀತಾಳೆ. ಪೊಟರೆಯಲ್ಲಿ ಜೇನು, ಮಂಗಟ್ಟೆ ಹಕ್ಕಿಯ ಗೂಡು. ಬುಡದಲ್ಲಿ ಇರುವೆ, ಎರೆಹುಳು, ಕಪ್ಪೆ. ದ್ವೀಂದ್ರಿಯದಿಂದ ಪಂಚೇಂದ್ರಿಯದವರೆಗಿನ ತ್ರಸಜೀವಗಳ ಒಂದು ಊರೇ ಅದು. ಅದನ್ನು ಕಡಿಯುವ ಕೊಡಲಿಯು ಏಕೇಂದ್ರಿಯದಲ್ಲಿಯೇ ನಿಲ್ಲುತ್ತದೆಂದು ಹೇಳಲು ಯಾರಿಗೆ ಸಾಧ್ಯ?

ದೂಪದ ಮರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ತಾನಾಗಿ ಬೆಳೆಯದ ಈ ಎತ್ತರದ ಮರದ ರಾಳವು ಧೂಪಾರ್ಚನೆಗೆ ಒದಗಿದರೆ, ಅದರ ಕಾಂಡವು ಪದರ ಹಲಗೆಯ ಕಾರ್ಖಾನೆಗಳಿಗೆ ಬಹಳ ಕಾಲ ಮೆಚ್ಚಿನ ಸರಕಾಗಿತ್ತು. ಅದರ ಬೀಜವನ್ನು ಒಣಗಿಸಿ ಕೂಡಿಡಲು ಬರುವುದಿಲ್ಲ. ಮಳೆಗಾಲದ ಹೊತ್ತಿಗೆ ಬಿದ್ದ ಬೀಜವು ತಾಯಿಮರದ ನೆರಳಿನ ತೇವದಲ್ಲಿ ಬೇಗನೆ ಮೊಳೆಯಬೇಕು, ಒಣಗಿತೆಂದರೆ ಸತ್ತಿತು. ಆದ್ದರಿಂದ ದೊಡ್ಡ ಮರಗಳನ್ನೆಲ್ಲ ಆರಿಸಿ ಕಡಿದು, ಮತ್ತೆ ನೆಟ್ಟರಾಯಿತು ಎನ್ನುವ ಸಮಾಧಾನವು ಇಲ್ಲಿ ಫಲಿಸದು. ಇನ್ನೊಂದು ಸಂಗತಿ. ಬಳ್ಳಿಗಳಿಂದ ಹೆಣೆದುಕೊಂಡ ದಟ್ಟ ಕಾಡಿನಲ್ಲಿ ಗುರುತು ಹಾಕಿದ ಒಂದು ಮರವು ಉರುಳುವಾಗ ಗುರುತಿಲ್ಲದ ಹಲವನ್ನು ತನ್ನೊಡನೆ ಎಳೆದುಕೊಂಡು ಬೀಳುತ್ತದೆ. ದಿಮ್ಮಿಯನ್ನು ಎಳೆದು ತರುವ ದಾರಿಯಲ್ಲಿ ಮತ್ತಷ್ಟು ಸಸಿಗಳು ಅಳಿಯುತ್ತವೆ. ಕಾಗದದ ಮೇಲೆ ಒಂದೇ ಮರದ ಲೆಕ್ಕ. ಋಜುಕೂಲಾ ನದಿಯ ತೀರದಲ್ಲಿ ವರ್ಧಮಾನ ಸ್ವಾಮಿಗೆ ಕೇವಲಜ್ಞಾನವು ಉದಯಿಸಿದುದು ಶಾಲವೃಕ್ಷದ ಕೆಳಗೆ. ಸಸ್ಯಶಾಸ್ತ್ರಜ್ಞರು ಆ ಶಾಲವನ್ನೂ ಈ ದೂಪವನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ.

ಹಾಗಾದರೆ ಮರದ ವ್ಯಾಪಾರವೇ ಶ್ರಾವಕನಿಗೆ ವರ್ಜ್ಯವೋ? ಇಲ್ಲಿ ಆತುರದ ತೀರ್ಪು ಸಲ್ಲದು. ಆದಿನಾಥ ಸ್ವಾಮಿಯೇ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಉಪದೇಶಿಸಿದನು. ಬಡಗಿಯ ಕೈಯಿಲ್ಲದೆ ಬಸದಿಯ ಬಾಗಿಲೂ ಇಲ್ಲ, ಶಾಸ್ತ್ರ ಓದುವ ವ್ಯಾಸಪೀಠವೂ ಇಲ್ಲ. ಆದರೆ ಶ್ರಾವಕಾಚಾರ ಗ್ರಂಥಗಳಲ್ಲಿ ಖರಕರ್ಮಗಳೆಂದು, ಅಂದರೆ ಕಠೋರವಾದ ಜೀವನೋಪಾಯಗಳೆಂದು, ಹದಿನೈದನ್ನು ಹೆಸರಿಸಿರುವ ಪದ್ಧತಿಯುಂಟು. ಅವುಗಳಲ್ಲಿ ವನಜೀವಿಕೆಯೂ ಒಂದು. ಕಾಡನ್ನು ಕಡಿದು ಮಾರಿ ಬದುಕುವುದು ಎಂದು ಅದರ ಅರ್ಥ. ಇದ್ದಿಲು ಸುಡುವುದೂ ಕಾಡಿಗೆ ಬೆಂಕಿಯಿಡುವುದೂ ಅದೇ ಪಟ್ಟಿಯಲ್ಲಿವೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ಪಟ್ಟಿಯನ್ನು ಹೇಳಿ, ಕೂಡಲೇ ಒಂದು ಸ್ವಾರಸ್ಯವಾದ ಆಕ್ಷೇಪವನ್ನೂ ಎತ್ತುತ್ತಾರೆ. ಲೋಕದಲ್ಲಿ ಪಾಪಯುಕ್ತ ಕರ್ಮಗಳು ಎಣಿಕೆಗೆ ಮೀರಿದವು. ಹದಿನೈದನ್ನು ಮಾತ್ರ ಎಣಿಸಿ ತ್ಯಜಿಸುವುದು ಅಷ್ಟೇನೂ ಚೆಲುವಲ್ಲ. ತೀರ ಮಂದಬುದ್ಧಿಗಳಿಗಾಗಿ ಬೇಕಾದರೆ ಹಾಗೆ ಹೇಳಬಹುದು ಎಂಬುದು ಅವರ ಅಭಿಪ್ರಾಯ. ಪಟ್ಟಿಯಲ್ಲಿಲ್ಲ ಎಂದು ನುಣುಚಿಕೊಳ್ಳುವವನಿಗೂ ಪಟ್ಟಿಯೊಂದನ್ನೇ ಹಿಡಿದು ತೃಪ್ತನಾಗುವವನಿಗೂ ಇದು ಉತ್ತರವಾಗಿದೆ. ಹದಿಮೂರನೆಯ ಶತಮಾನದಲ್ಲಿ ಇಲ್ಲದಿದ್ದ ಯಂತ್ರ ಗರಗಸವೂ ಬುಲ್ಡೋಜರೂ ಯಾವ ಪಟ್ಟಿಯಲ್ಲಿರಲು ಸಾಧ್ಯ? ಒಂದು ಹಗಲಿನಲ್ಲಿ ಕೊಡಲಿಗೆ ಸಾಧ್ಯವಾಗದುದು ಅವುಗಳಿಗೆ ಒಂದು ಗಳಿಗೆಯ ಕೆಲಸ.

ಪಾಕ್ಷಿಕ, ನೈಷ್ಠಿಕ, ಸಾಧಕ ಎಂಬ ಶ್ರಾವಕಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ದಾರಿಯು ತಿಳಿಯಾಗುತ್ತದೆ. ಧರ್ಮಪಕ್ಷವನ್ನು ಹಿಡಿದು ಇನ್ನೂ ಅಭ್ಯಾಸದಲ್ಲಿರುವ ಪಾಕ್ಷಿಕನಿಗೆ ಮರದ ಅಂಗಡಿಯನ್ನು ಇಂದೇ ಮುಚ್ಚೆಂದು ಹೇಳುವುದು ಉಪದೇಶವಾಗದು. ವ್ರತಪ್ರತಿಮೆಯನ್ನು ಧರಿಸಿದ ನೈಷ್ಠಿಕನು ಕಾಡಿನ ಕಡಿತಕ್ಕೆ ಬಂಡವಾಳ ಹಾಕಲಾರನು. ಎಂಟನೆಯದಾದ ಆರಂಭತ್ಯಾಗ ಪ್ರತಿಮೆಯನ್ನು ತಲುಪಿದವನಿಗೆ ವ್ಯಾಪಾರವೇ ಇರುವುದಿಲ್ಲ. ಆದರೆ ಮೊದಲ ಮೆಟ್ಟಿಲಲ್ಲಿರುವವನಿಗೂ ತಪ್ಪಿಸಲಾಗದ ಒಂದು ಕರ್ತವ್ಯವಿದೆ. ಅದು ಅಹಿಂಸಾಣುವ್ರತಕ್ಕಿಂತಲೂ ಮೊದಲು ಅಚೌರ್ಯಾಣುವ್ರತಕ್ಕೆ ಸಂಬಂಧಿಸಿದ್ದು. ಮರದ ವ್ಯಾಪಾರದಲ್ಲಿ ಎದುರಾಗುವ ಪಾಪದ ಬಹುಭಾಗವು ಈ ವ್ರತದ ಅತಿಚಾರಗಳಲ್ಲಿಯೇ ಅಡಗಿದೆಯೆಂಬುದನ್ನು ಗಮನಿಸಿದವರು ಕಡಮೆ.

ಉಮಾಸ್ವಾಮಿ ಆಚಾರ್ಯರು ಅಚೌರ್ಯದ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವನ್ನು ಓದುವಾಗ ಟಿಂಬರ್ ಡಿಪೊ ಒಂದರ ಕಣ್ಣೆದುರಿನಲ್ಲಿಯೇ ಬರೆದರೋ ಎನ್ನಿಸುವಂತಿದೆ. ಸ್ತೇನಪ್ರಯೋಗವೆಂದರೆ ಕಳ್ಳನನ್ನು ಕಳವಿಗೆ ಪ್ರೇರಿಸುವುದು. ಕಾಡಂಚಿನ ಬಡವನ ಕೈಗೆ ಮುಂಗಡ ಹಣವನ್ನಿಟ್ಟು ಮರ ತರಿಸುವ ಧನಿಕನು ಇದಕ್ಕೆ ಗುರಿಯಾಗುತ್ತಾನೆ. ತದಾಹೃತಾದಾನವೆಂದರೆ ಕದ್ದು ತಂದುದನ್ನು ಕೊಳ್ಳುವುದು. ರಹದಾರಿಯಿಲ್ಲದ, ಇಲಾಖೆಯ ಮುದ್ರೆಯಿಲ್ಲದ ದಿಮ್ಮಿಯು ಅಗ್ಗಕ್ಕೆ ಸಿಕ್ಕಿತೆಂದು ಸಂತೋಷಪಡುವ ಗೃಹಸ್ಥನು ಈ ದೋಷವನ್ನು ತಾನೇ ಬೆಲೆಕೊಟ್ಟು ಕೊಂಡುಕೊಂಡಂತಾಯಿತು. ಹೀನಾಧಿಕಮಾನೋನ್ಮಾನ, ಅಂದರೆ ಅಳತೆಯ ಮೋಸ, ದಿಮ್ಮಿಯ ಸುತ್ತಳತೆ ಹಿಡಿಯುವ ಹುರಿಯಲ್ಲಿ ಹೇಗೆ ನಡೆಯುತ್ತದೆಂಬುದನ್ನು ವ್ಯಾಪಾರಿಗಳಿಗೆ ವಿವರಿಸಬೇಕಾಗಿಲ್ಲ. ಅಗ್ಗದ ಮರಕ್ಕೆ ಬಣ್ಣ ಬಳಿದು ತೇಗವೆಂದು ಮಾರುವುದು ಪ್ರತಿರೂಪಕ ವ್ಯವಹಾರ. ಉಳಿದುದು ವಿರುದ್ಧರಾಜ್ಯಾತಿಕ್ರಮ, ರಾಜ್ಯದ ಕಟ್ಟಳೆಯನ್ನು ಮೀರುವುದು. ಕಟ್ಟಳೆಗಳಿಗೇನೂ ಕೊರತೆಯಿಲ್ಲ. ಖಾಸಗಿ ನೆಲದ ಮರಕ್ಕೂ ಅನುಮತಿ ಬೇಕೆಂದು ವಿಧಿಸಿದ ಕರ್ನಾಟಕದ ಮರ ಸಂರಕ್ಷಣಾ ಕಾಯಿದೆ 1976ರದು. ಕೇಂದ್ರದ ಅರಣ್ಯ ಸಂರಕ್ಷಣಾ ಕಾಯಿದೆ 1980ರದು. ಕೈಗಾರಿಕೆಗಳು ತಮಗೆ ಬೇಕಾದ ಕಚ್ಚಾ ಸಾಮಗ್ರಿಗಾಗಿ ಸಹಜಾರಣ್ಯವನ್ನು ಅವಲಂಬಿಸಬಾರದೆಂದು 1988ರ ರಾಷ್ಟ್ರೀಯ ಅರಣ್ಯ ನೀತಿಯು ಸಾರಿತು. ಗೋದವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 12ರಂದು, ಸರ್ಕಾರದ ಒಪ್ಪಿಗೆ ಪಡೆದ ಕಾರ್ಯಯೋಜನೆಗೆ ಅನುಸಾರವಾಗಿ ಅಲ್ಲದೆ ಕಾಡಿನ ಮರವನ್ನು ಕಡಿಯಬಾರದೆಂದು ಆಜ್ಞಾಪಿಸಿತು.

ಕಟ್ಟಳೆಯನ್ನು ಮುರಿಯದೆಯೇ ಬಗ್ಗಿಸುವ ವಿದ್ಯೆಯೂ ಒಂದುಂಟು. ಕಪಿಲೆಯ ಉಗಮಸೀಮೆಯಲ್ಲಿಯೇ, ಮೇಲೆ ಹೇಳಿದ ಪುಳಿಯಾರ್‌ಮಲೆಗೆ ದೂರವಲ್ಲದ ಮುಟ್ಟಿಲ್ ಎಂಬಲ್ಲಿ, ಅದು ಬಯಲಿಗೆ ಬಂದಿತು. ರೈತರು ತಮಗೆ ಮಂಜೂರಾದ ಭೂಮಿಯಲ್ಲಿನ ಮರಗಳನ್ನು ಕಡಿದುಕೊಳ್ಳಬಹುದೆಂಬ ಆದೇಶವೊಂದು 2020ರ ಅಕ್ಟೋಬರಿನಲ್ಲಿ ಕೇರಳದಲ್ಲಿ ಹೊರಟಿತು. ಅದನ್ನು ಮುಂದುಮಾಡಿ, ಸರ್ಕಾರಕ್ಕೆ ಮೀಸಲಾದ ಹಳೆಯ ಬೀಟೆಯ ಮರಗಳನ್ನು ಕಡಿಯಲಾಯಿತು. ಆ ನೆಲದಲ್ಲಿದ್ದವರಲ್ಲಿ ಆದಿವಾಸಿ ಕುಟುಂಬಗಳೂ ಇದ್ದವು. ಕಡಿಯುವುದಕ್ಕೆ ಅಪ್ಪಣೆಯಿದೆಯೆಂದು ಅವರನ್ನು ನಂಬಿಸಿ, ಮರದ ಬೆಲೆಯ ಅಲ್ಪಾಂಶವನ್ನು ಅವರ ಕೈಗಿಟ್ಟ ಸಂಗತಿಯು ವರದಿಯಾಯಿತು. ಆದೇಶವನ್ನು 2021ರ ಫೆಬ್ರವರಿಯಲ್ಲಿ ಹಿಂತೆಗೆದುಕೊಳ್ಳಲಾಯಿತು, ಮೊಕದ್ದಮೆಗಳು ಹೂಡಲ್ಪಟ್ಟವು. ಬಿದ್ದವುಗಳಲ್ಲಿ ಹಲವು ಶತಮಾನಗಳಷ್ಟು ಹಳೆಯ ಮರಗಳಿದ್ದುವು. ಆದೇಶವಿದ್ದುದು ಕೆಲವೇ ತಿಂಗಳು. ದೋಷಿಗಳು ಯಾರೆಂಬುದನ್ನು ನ್ಯಾಯಾಲಯವು ನಿರ್ಣಯಿಸಲಿ. ಶ್ರಾವಕನು ಕೇಳಿಕೊಳ್ಳಬೇಕಾದುದು ಇಷ್ಟು: ಅಂಥ ಬೀಟೆಯು ಯಾರ ಮನೆಯ ಮಂಚವಾಗಲೆಂದು ಕಡಿಯಲ್ಪಟ್ಟಿತು?

ಕೊಂಡವನಿಗೆ ಕಡಿದವನ ಪಾಪವಿಲ್ಲವೆಂಬ ನಂಬಿಕೆಯು ಬಹಳ ಬೇರೂರಿದೆ. ಆಗಮವು ಅದನ್ನು ಒಪ್ಪುವುದಿಲ್ಲ. ಸಂರಂಭ, ಸಮಾರಂಭ, ಆರಂಭಗಳು ಮೂರು. ಮನ, ವಚನ, ಕಾಯಗಳು ಮೂರು. ಕೃತ, ಕಾರಿತ, ಅನುಮೋದನೆಗಳು ಮೂರು. ಕ್ರೋಧ, ಮಾನ, ಮಾಯಾ, ಲೋಭಗಳು ನಾಲ್ಕು. ಇವನ್ನು ಗುಣಿಸಿದರೆ 108 ಬಗೆಯ ಆಸ್ರವಗಳಾಗುತ್ತವೆ. ಜಪಮಾಲೆಯ ಒಂದೊಂದು ಮಣಿಯನ್ನು ಸರಿಸುವಾಗಲೂ ಈ ಲೆಕ್ಕವು ನೆನಪಿಗೆ ಬರಬೇಕು. ಕಡಿಯಬೇಕೆಂಬ ಸಂಕಲ್ಪವು ಸಂರಂಭ, ಕೊಡಲಿ, ಗರಗಸ, ಲಾರಿಗಳನ್ನು ಹೊಂದಿಸುವುದು ಸಮಾರಂಭ, ಕಡಿಯುವುದು ಆರಂಭ. (ಕನ್ನಡದಲ್ಲಿ ಈಗ ಸಮಾರಂಭವೆಂದರೆ ಮದುವೆ ಮುಂಜಿಯ ಸಂಭ್ರಮವೆಂದು ಅರ್ಥ. ಛತ್ರದ ಮಂಟಪಕ್ಕೆ ಒಂದು ದಿನದ ಮಟ್ಟಿಗೆ ಹೊಡೆದು ಮರುದಿನ ಕಿತ್ತೆಸೆಯುವ ಹಲಗೆಗಳ ರಾಶಿಯನ್ನು ನೋಡಿದರೆ ಶಬ್ದದ ಹಳೆಯ ಅರ್ಥವೂ ಅಲ್ಲಿಯೇ ಇದೆಯೆಂದು ತೋರುತ್ತದೆ.) ಮರವನ್ನು ಕಡಿದವನು ಕೃತದ ಭಾಗಿ, ಬೇಕೆಂದು ಹೇಳಿಕಳುಹಿಸಿದವನು ಕಾರಿತದ ಭಾಗಿ, ನೆರೆಮನೆಯ ಬೀಟೆಯ ಬೀರುವನ್ನು ಸವರಿ, ಎಂಥ ಮರ, ಎಂಥ ಹೊಳಪು ಎಂದು ಮೆಚ್ಚಿದವನು ಅನುಮೋದನೆಯ ಭಾಗಿ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಹಿಂಸೆಯ ಉಪಕರಣಗಳನ್ನು ಕೊಡುವ ಹಿಂಸಾದಾನದಲ್ಲಿ ಕೊಡಲಿಯನ್ನೇ ಮೊದಲು ಹೆಸರಿಸಿದ್ದಾರೆ; ನಿಷ್ಪ್ರಯೋಜನವಾಗಿ ವನಸ್ಪತಿಯನ್ನು ಕಡಿಯುವುದನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಇಲ್ಲಿ ಪ್ರಯೋಜನವೆಂಬ ಮಾತು ಮುಖ್ಯ. ಮಳೆಗೆ ಸೋರದಂತೆ ಸೂರಿಗೆ ಹಾಕಿದ ತೊಲೆಯು ಪ್ರಯೋಜನ. ಪ್ರತಿಷ್ಠೆಗಾಗಿ ಗೋಡೆಗೆ ಹೊಡೆದ ಹಲಗೆಯನ್ನು ಏನೆನ್ನಬೇಕೋ ಗೃಹಸ್ಥನೇ ಎದೆ ಮುಟ್ಟಿ ಹೇಳಿಕೊಳ್ಳಲಿ.

ಶ್ರವಣಬೆಳಗೊಳದ ಜೈನಮಠದ ಗೋಡೆಯ ಚಿತ್ರಗಳಲ್ಲಿ ಒಂದು ಮರವೂ ಆರು ಮಂದಿ ಮನುಷ್ಯರೂ ಇದ್ದಾರೆ. ಯಾತ್ರೆಗೆ ಹೋದವರು ಅದನ್ನು ನೋಡಿರಬಹುದು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಕೊಟ್ಟ ಷಡ್‌ಲೇಶ್ಯೆಯ ದೃಷ್ಟಾಂತವೇ ಆ ಚಿತ್ರದ ವಸ್ತು. ಆ ಚಾವುಂಡರಾಯನು ಮಂತ್ರಿಯಾಗಿದ್ದ ಗಂಗರ ತಲಕಾಡು ಇರುವುದು ನರಸೀಪುರದ ತಾಲ್ಲೂಕಿನಲ್ಲಿಯೇ. ಕಾಡಿನಲ್ಲಿ ದಾರಿತಪ್ಪಿ ಹಸಿದ ಆರು ಮಂದಿ ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಬುಡಸಹಿತ ಕೀಳೋಣವೆನ್ನುತ್ತಾನೆ; ನೀಲಲೇಶ್ಯೆಯವನು ಕಾಂಡವನ್ನು ಕಡಿಯೋಣವೆನ್ನುತ್ತಾನೆ; ಕಾಪೋತದವನು ದೊಡ್ಡ ಕೊಂಬೆಯನ್ನು, ಪೀತದವನು ಚಿಕ್ಕ ರೆಂಬೆಯನ್ನು ಬಯಸುತ್ತಾನೆ. ಪದ್ಮಲೇಶ್ಯೆಯವನಿಗೆ ಹಣ್ಣು ಬಿಡಿಸಿದರೆ ಸಾಕು. ಶುಕ್ಲಲೇಶ್ಯೆಯವನು ಬಿದ್ದ ಹಣ್ಣನ್ನೇ ಆರಿಸಿಕೊಳ್ಳುತ್ತಾನೆ. ಆರು ಮಂದಿಯ ಹಸಿವೂ ಒಂದೇ ಎಂಬುದು ಈ ದೃಷ್ಟಾಂತದ ಜೀವಾಳ. ಕೃಷ್ಣಲೇಶ್ಯೆಯವನು ಹೆಚ್ಚು ಹಸಿದವನೆಂದು ಆಚಾರ್ಯರು ಹೇಳಲಿಲ್ಲ. ಮರವಿಲ್ಲದೆ ಮನೆಯಿಲ್ಲ, ಉದ್ಯಮವಿಲ್ಲ, ಕೂಲಿಯಿಲ್ಲ ಎಂದು ಹೇಳುವವರ ಮಾತು ಸುಳ್ಳಲ್ಲ; ಆದರೆ ಅದು ಹಸಿವಿನ ಮಾತು. ಯಾವ ಕೊಂಬೆಗೆ ಕೈಯಿಡಬೇಕೆಂಬ ಮಾತು ಬೇರೆ.

ಬುಡಸಹಿತ ಕೀಳುವ ಬುದ್ಧಿಯನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಕಾಡನ್ನು ಸವರಿ ಒಂದೇ ಜಾತಿಯ ಮರವನ್ನು ಸಾಲುಸಾಲಾಗಿ ನೆಟ್ಟ ಮಲೆನಾಡಿನ ನೆಡುತೋಪುಗಳು ಅದರ ಸಾಕ್ಷಿ. ಗುರುತು ಹಾಕಿ ಆಯ್ದು ಕಡಿಯುವುದು ಕಾಪೋತ ಪೀತಗಳ ನಡುವಿನದೆಂದು ಹೇಳಿಕೊಂಡರೂ, ನಡೆಯುವಾಗ ಅದು ನೀಲಕ್ಕೆ ಜಾರುತ್ತದೆ. ಜಾರಿದುದನ್ನು ಕಣ್ಣಾರೆ ಕಂಡವರು ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ. 1983ರ ಸೆಪ್ಟೆಂಬರ್ 8ರಂದು ಅಲ್ಲಿಯ ಗಂಡಸರೂ ಹೆಂಗಸರೂ ಮಕ್ಕಳೂ ಕಾಡಿಗೆ ನಡೆದು ಹೋಗಿ, ಕಡಿಯಬೇಕೆಂದಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅದಕ್ಕೆ ಅಪ್ಪಿಕೋ ಎಂದೇ ಹೆಸರಾಯಿತು. ಕೊಡಲಿ ಹಿಡಿದವರ ಮೇಲೆ ಅವರು ಕೈಮಾಡಲಿಲ್ಲ. ಆ ಕಾಡನ್ನು ನಾಶಮಾಡುವುದಿಲ್ಲವೆಂಬ ಪ್ರತಿಜ್ಞೆಯನ್ನು ಅವರಿಂದ ಪಡೆದುಕೊಂಡರು. ಜೈನರಲ್ಲದ ಆ ಜನ ಆ ದಿನ ಕೊಡಲಿಯವರಿಗೆ ಕೊಡಿಸಿದುದು ಒಂದು ನಿಯಮವನ್ನೇ ಅಲ್ಲವೇ? ಚಳವಳಿಯು ಘಟ್ಟದ ಉದ್ದಕ್ಕೂ ಹಬ್ಬಿತು. ಮುಂದಿನ ವರ್ಷಗಳಲ್ಲಿ ಪಶ್ಚಿಮ ಘಟ್ಟದ ಸಹಜಾರಣ್ಯದಲ್ಲಿ ಹಸಿಮರ ಕಡಿಯುವುದನ್ನು ಸರ್ಕಾರವು ನಿಲ್ಲಿಸಿತು. ಶುಕ್ಲಲೇಶ್ಯೆಯವನ ಆಯ್ಕೆಯೂ ಕೇವಲ ಕಲ್ಪನೆಯಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಾಡನ್ನು ನುಂಗುತ್ತಿರುವ ಲಂಟಾನದ ಕೊಂಬೆಗಳಿಂದ ಕುರ್ಚಿ ಮೇಜುಗಳನ್ನು ಮಾಡಿ ಮಾರುತ್ತಾರೆ.

ಕಾಡು ಹೀಗೆ ಮುಚ್ಚಿದರೆ ವ್ಯಾಪಾರವು ನಿಂತೀತೇ? ನಿಲ್ಲುವುದಿಲ್ಲ. ಅದು ದಿಕ್ಕನ್ನು ಬದಲಿಸುತ್ತದೆ. ಮಂಗಳೂರಿನ ಬಂದರಿನಲ್ಲಿ ಹೊರದೇಶಗಳ ದಿಮ್ಮಿಗಳು ಬಂದಿಳಿಯುತ್ತವೆ. ಬರ್ಮಾ ದೇಶವು 2014ರಲ್ಲಿ ದಿಮ್ಮಿಗಳ ರಫ್ತನ್ನು ನಿಲ್ಲಿಸಿದಾಗ ಕೊಳ್ಳುವವರು ಬೇರೆ ದೇಶಗಳ ಕಾಡುಗಳತ್ತ ತಿರುಗಿದರು. ವಯನಾಡಿನ ಬೀಟೆಯನ್ನು ಮುಟ್ಟದ ಗೃಹಸ್ಥನು ಆಫ್ರಿಕದ ಯಾವುದೋ ಮಳೆಕಾಡಿನ ಮರವನ್ನು ಕೊಂಡು ನಿರ್ಮಲನಾದೆನೆಂದು ಭಾವಿಸಿದರೆ, ಅವನು ದಿಗ್ವ್ರತವನ್ನು ಮರೆತನೆಂದೇ ಹೇಳಬೇಕು. ಹತ್ತು ದಿಕ್ಕುಗಳಲ್ಲಿಯೂ ತನಗೆ ತಾನೇ ಎಲ್ಲೆಯನ್ನು ಹಾಕಿಕೊಂಡು ಅದರಾಚೆಗೆ ಹೋಗೆನೆಂಬ ಆ ವ್ರತದ ಮಹಿಮೆಯನ್ನು ಹೇಳುತ್ತ ಸಮಂತಭದ್ರ ಸ್ವಾಮಿಗಳು, ಎಲ್ಲೆಯ ಹೊರಗೆ ಶ್ರಾವಕನ ಅಣುವ್ರತಗಳು ಮಹಾವ್ರತಗಳಂತೆ ಆಗುತ್ತವೆ ಎಂದಿದ್ದಾರೆ. ಎಲ್ಲೆಯೊಳಗಿನ ಮರವನ್ನು ನೆಟ್ಟವನು ಯಾರು, ಕಡಿದವನು ಯಾರು ಎಂದು ಕೇಳಿ ತಿಳಿಯಬಹುದು. ಎಲ್ಲೆಯಾಚೆಗಿನದನ್ನು ತಿಳಿಯಲಾಗದೆಂದೇ ಬಿಡುವುದು. ಲೋಭದಿಂದ ಆ ಎಲ್ಲೆಯನ್ನು ಹಿಗ್ಗಿಸುವುದಕ್ಕೆ ಕ್ಷೇತ್ರವೃದ್ಧಿಯೆಂದು ಹೆಸರು. ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು ಸ್ಮೃತ್ಯಂತರಾಧಾನ. ಎರಡೂ ಅತಿಚಾರಗಳೇ.

ಅರಣ್ಯ ಇಲಾಖೆಯ ಕಾರ್ಯಯೋಜನೆಯೂ ಒಂದು ಪರಿಮಾಣವೇ. ಇಷ್ಟು ವರ್ಷಕ್ಕೆ, ಇಷ್ಟು ಪ್ರದೇಶದಲ್ಲಿ, ಇಷ್ಟು ಸುತ್ತಳತೆಯ ಇಷ್ಟು ಮರ ಎಂದು ಅದು ನಿಗದಿಮಾಡುತ್ತದೆ. ಅದು ಬಾಳುವುದು ಬೇಡಿಕೆಯು ಅದರ ಒಳಗೆ ಇರುವ ತನಕ ಮಾತ್ರ. ಬೇಡಿಕೆಯು ಉಕ್ಕಿದಾಗ ಯೋಜನೆಯ ಎಲ್ಲೆ ಸರಿಯುತ್ತದೆ, ಆದೇಶ ಹೊರಡುತ್ತದೆ, ಮುಟ್ಟಿಲಿನಲ್ಲಿ ಆದಂತೆ ಆಗುತ್ತದೆ. ಬೇಡಿಕೆಗೆ ಎಲ್ಲೆ ಹಾಕುವ ಅಧಿಕಾರವು ಯಾವ ಇಲಾಖೆಗೂ ಇಲ್ಲ. ಅದು ಕೊಳ್ಳುವವನ ಕೈಯಲ್ಲಿದೆ. ವ್ರತವೆಂದರೆ ಆಸೆ ಹುಟ್ಟುವ ಮೊದಲೇ ಅಳೆದಿಡುವುದು. ಅಂಗಡಿಯ ಮುಂದೆ ನಿಂತು ಅಳೆಯುವವನು ಅಂಗಡಿಯವನ ಗಜದಿಂದಲೇ ಅಳೆಯುತ್ತಾನೆ.

ಆದ್ದರಿಂದ ಈ ವರ್ಷದ ದಶಲಕ್ಷಣ ಪರ್ವದಲ್ಲಿ ಭೋಗೋಪಭೋಗ ಪರಿಮಾಣವನ್ನು ಮಾಡಿಕೊಳ್ಳುವವರು ಅನ್ನ, ವಸ್ತ್ರ, ವಾಹನಗಳ ಸಾಲಿಗೆ ಮರವನ್ನೂ ಸೇರಿಸಿಕೊಳ್ಳಬಹುದು. ಯಾವಜ್ಜೀವವಾಗಿ ಬಿಡುವುದು ಯಮ, ಕಾಲದ ಮಿತಿಯಿಟ್ಟು ಬಿಡುವುದು ನಿಯಮ. ಸಹಜಾರಣ್ಯದ ಬೀಟೆ, ದೂಪ ಮುಂತಾದವುಗಳನ್ನು ಯಮವಾಗಿ ಬಿಡುವುದು ಹೆಚ್ಚಿನ ಮನೆಗಳಿಗೆ ಕಷ್ಟವಾಗದು. ಅವು ಇಲ್ಲದಿದ್ದರೆ ಯಾವ ಮನೆಯೂ ಬೀಳುವುದಿಲ್ಲ. ಉಳಿದುದಕ್ಕೆ ಒಂದು ವರ್ಷದ ನಿಯಮ ಸಾಕು: ಹೊಸ ಮರವು ಇಷ್ಟು ಘನ ಅಡಿಯೊಳಗೆ; ಅದೂ ರೈತನ ಹೊಲದಲ್ಲಿ ಬೆಳೆದ ಹೆಬ್ಬೇವು, ಸಿಲ್ವರ್ ಓಕ್, ತೋಟದ ತೇಗ; ಹಳೆಯ ಮನೆಯನ್ನು ಇಳಿಸಿದಾಗ ಸಿಗುವ ತೊಲೆ ಬಾಗಿಲುಗಳಿಗೆ ಮೊದಲ ಸ್ಥಾನ; ರಹದಾರಿಯನ್ನು ಕಣ್ಣಿಂದ ನೋಡದೆ ಹಣ ಕೊಡುವುದಿಲ್ಲ. ಶ್ರೀಗಂಧದ ವಿಷಯದಲ್ಲಿಯೂ ಇದೇ ನಿಯಮ. 2001ರ ತಿದ್ದುಪಡಿಯ ಮೇಲೆ ಕರ್ನಾಟಕದಲ್ಲಿ ಶ್ರೀಗಂಧವನ್ನು ಬೆಳೆದ ರೈತನೇ ಅದರ ಒಡೆಯನಾಗಿರುವುದರಿಂದ, ಜಿನಪೂಜೆಯ ಗಂಧಕ್ಕೂ ಕಳವಿನ ಕೊರಡನ್ನು ತೇಯಬೇಕಾದ ಕಾರಣವಿಲ್ಲ. ಮರದ ವ್ಯಾಪಾರಿಯಾದ ಶ್ರಾವಕನು ಮೊದಲ ವರ್ಷ ರಹದಾರಿಯಿಲ್ಲದ ಸರಕನ್ನೂ ಎರಡನೆಯ ವರ್ಷ ಹೊರದೇಶದ ಕಾಡುಮರವನ್ನೂ ಬಿಡುತ್ತ, ಬೆಳೆದ ಮರದ ವ್ಯಾಪಾರಕ್ಕೆ ಸರಿದರೆ, ಅವನನ್ನು ನಂಬಿದ ಬಡಗಿ ಕೂಲಿಗಳಿಗೆ ಅನ್ನ ತಪ್ಪದು. ಕೆಲಸಗಾರರನ್ನು ಹಸಿವಿಗೆ ದೂಡಿ ತಾನು ವ್ರತಿಯೆನಿಸಿಕೊಳ್ಳುವುದನ್ನು ಅಹಿಂಸಾಣುವ್ರತವು ಒಪ್ಪುವುದಿಲ್ಲ. ಅಧೀನರ ಅನ್ನಪಾನವನ್ನು ತಡೆಯುವುದು ಆ ವ್ರತದ ಅತಿಚಾರಗಳಲ್ಲೊಂದು.

ಭಾದ್ರಪದ ಶುಕ್ಲ ಪಂಚಮಿಯಂದು ನಿಯಮವನ್ನು ತೆಗೆದುಕೊಂಡು, ಪ್ರತಿ ಚತುರ್ದಶಿಯ ಸಂಜೆ ಪ್ರತಿಕ್ರಮಣದಲ್ಲಿ ಅದನ್ನು ನೆನೆದುಕೊಳ್ಳಬೇಕು. ತಿಳಿಯದೆ ಕೊಂಡ ಸರಕು ಕಳವಿನದೆಂದು ಆಮೇಲೆ ತಿಳಿದರೆ ಗುರುಸಮಕ್ಷಮದಲ್ಲಿ ಆಲೋಚನೆ ಮಾಡಿ ಪ್ರಾಯಶ್ಚಿತ್ತವನ್ನು ಪಡೆಯತಕ್ಕದ್ದು. ಮಾಘಮಾಸದಲ್ಲಿ ಮಗಳ ಮದುವೆಯನ್ನಿಟ್ಟುಕೊಂಡವರು ಮಂಚ, ಬೀರುಗಳನ್ನು ನಿಯಮ ತೆಗೆದುಕೊಳ್ಳುವ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು. ಬೀಗರ ಮಾತಿಗಾಗಿ ಆಮೇಲೆ ಸೇರಿಸಿದರೆ ಎಲ್ಲೆಯನ್ನು ಹಿಗ್ಗಿಸಿದಂತೆಯೇ ಆಗುತ್ತದೆ.